ಎಸ್‌ಟಿಡಿ ಕೋಡ್ ಮರೆಯುವ ಕಾರ್ಡ್

ಪ್ರಶ್ನೆ: ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆದಿದ್ದೇನೆ. ಮನೆಯ ಪಿಸಿಯಲ್ಲಿ ಚೆನ್ನಾಗಿ ಓಡುತ್ತದೆ. ಕಾಲೇಜಿನ 64 ಬಿಟ್ ಆರ್ಮ್ ಬೋರ್ಡಿಗೆ ಹಾಕಿದರೆ ಡ್ರೈವರ್ ಲೋಡ್ ಆಗುತ್ತದೆ, ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸೂಚನೆ) ಮಾತ್ರ ಒಂದೂ ಬರುವುದಿಲ್ಲ. ಡಿಎಂಎ ಮಾಸ್ಕ್ (ಕಾರ್ಡ್ ನೇರವಾಗಿ ಓದಿ ಬರೆಯುವ ಮೆಮೊರಿ ವಿಳಾಸದ ಮಿತಿ) 32 ಬಿಟ್‌ಗೆ ಇಳಿಸಿ ನೋಡಿದೆ, ಅದರಿಂದಲೂ ಉಪಯೋಗ ಆಗಲಿಲ್ಲ. ಕಾರ್ಡ್ ಹಾಳಾಗಿದೆಯಾ ಸರ್?
— ಓದುಗರು, ಸುರತ್ಕಲ್

ಉತ್ತರ: ಹಾಳಾಗಿರಲಿಕ್ಕಿಲ್ಲ, ಸುಳ್ಳು ಹೇಳುತ್ತಿದೆ ಅಂತ ನನ್ನ ಅನುಮಾನ.

ಈಗಿನ ಕಾರ್ಡುಗಳು ಇಂಟರಪ್ಟ್ ಕೊಡಲು ಬೇರೆ ತಂತಿ ಎಳೆಯುವುದಿಲ್ಲ. ಸಿಸ್ಟಮ್ ಹೇಳಿದ ವಿಳಾಸಕ್ಕೆ ಒಂದು ಸಣ್ಣ ಸಂಖ್ಯೆ ಬರೆಯುತ್ತವೆ, ಅಷ್ಟೇ. ಇದೇ ಎಂಎಸ್‌ಐ, ಅಂದರೆ ಮೆಸೇಜ್ ಸಿಗ್ನಲ್ಡ್ ಇಂಟರಪ್ಟ್. ನಮ್ಮ ಮಾಮೂಲಿ ಪಿಸಿಯಲ್ಲಿ ಆ ವಿಳಾಸ 4 ಜಿಬಿಯ ಒಳಗೇ ಇರುತ್ತದೆ, ಹಾಗಾಗಿ 32 ಬಿಟ್ ಸಾಕು. ಕೆಲವು ಬೋರ್ಡುಗಳಲ್ಲಿ ಅದು ತುಂಬಾ ಮೇಲೆ ಇರುತ್ತದೆ. ನಿಮ್ಮ ಕಾರ್ಡ್ ‘ನನಗೆ 64 ಬಿಟ್ ಬರುತ್ತದೆ’ ಅಂತ ಹೇಳಿಕೊಂಡು, ಬರೆಯುವಾಗ ಮೇಲಿನ ಬಿಟ್‌ಗಳನ್ನು ನುಂಗುತ್ತಿರಬಹುದು. ಲ್ಯಾಂಡ್‌ಲೈನ್ ನೆನಪಿದೆಯಲ್ವಾ? ಉಡುಪಿಯೊಳಗೆ 0820 ಒತ್ತದಿದ್ದರೂ ನಡೆಯುತ್ತಿತ್ತು, ಆದರೆ ಮಂಗಳೂರಿನಿಂದ ಕೋಡ್ ಬಿಟ್ಟು ಒತ್ತಿದರೆ ಮಂಗಳೂರಿನದೇ ಯಾರದ್ದೋ ಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಇಲ್ಲೂ ಅದೇ ಕತೆ, ಆ ಬರಹ ಸುಮ್ನೆ ಕಳೆದುಹೋದರೆ ಪುಣ್ಯ, ಬೇರೆಯವರ ಮೆಮೊರಿ ಮೇಲೆ ಬಿದ್ದರೆ ತಲೆನೋವು.

ಡಿಎಂಎ ಮಾಸ್ಕ್ ಇದಕ್ಕೆ ಸಂಬಂಧಪಟ್ಟದ್ದಲ್ಲ. ಅದು ಡೇಟಾ ಬಫರ್ ಎಲ್ಲಿರಬೇಕು ಅಂತ ಹೇಳುತ್ತದೆ, ಇಂಟರಪ್ಟ್ ವಿಳಾಸವನ್ನು ಮುಟ್ಟುವುದಿಲ್ಲ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ನಾನೂ ಎರಡು ದಿನ ಹಾಳು ಮಾಡಿಕೊಂಡಿದ್ದೆ.

ಇದು ಹೊಸ ರೋಗವೇನಲ್ಲ. ಕೆಲವು ರೇಡಿಯಾನ್ ಗ್ರಾಫಿಕ್ಸ್ ಚಿಪ್‌ಗಳು ವಿಳಾಸದ 40 ಬಿಟ್ ಮಾತ್ರ ಕಳಿಸುತ್ತಿದ್ದವು, ಐಬಿಎಂನ ಪವರ್ ಯಂತ್ರಗಳಲ್ಲಿ ಅದು ಬಯಲಾಯಿತು. 2014ರಲ್ಲಿ ಲಿನಕ್ಸ್‌ಗೆ ‘ನೋ_64ಬಿಟ್_ಎಂಎಸ್‌ಐ’ ಎಂಬ ಗುರುತು ಬಂದದ್ದು ಇಂಥ ಕಾರ್ಡುಗಳಿಗಾಗಿಯೇ. ನಿಮ್ಮ ಕರ್ನಲ್‌ನಲ್ಲಿ ಅದು ಇದ್ದರೆ ಪ್ರೋಬ್‌ನಲ್ಲಿ (ಕಾರ್ಡ್ ಸಿಕ್ಕಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್‌ನಲ್ಲಿ) 1 ಮಾಡಿ, ಇಂಟರಪ್ಟ್ ವೆಕ್ಟರ್ ಕೇಳುವ ಮೊದಲೇ ಮಾಡಬೇಕು, ಆಮೇಲೆ ಹಾಕಿ ಪ್ರಯೋಜನ ಇಲ್ಲ. ಬೋರ್ಡಿನಲ್ಲಿ 4 ಜಿಬಿಯ ಕೆಳಗಿನ ವಿಳಾಸವೇ ಇಲ್ಲದಿದ್ದರೆ ಎಂಎಸ್‌ಐ ಸಿಗುವುದಿಲ್ಲ, ಹಳೆಯ ತಂತಿ ಶೈಲಿಯ ಇಂಟರಪ್ಟ್ ಆದ ಇಂಟ್‌ಎಕ್ಸ್‌ಗೆ ಇಳಿಯಲು ಡ್ರೈವರ್‌ನಲ್ಲಿ ದಾರಿ ಇಟ್ಟಿರಿ. ನಿಧಾನ, ಆದರೂ ಬರುತ್ತದಲ್ಲ.

ಅದಕ್ಕೂ ಮೊದಲು ಬೋರ್ಡಿನಲ್ಲಿ ರೂಟ್ ಆಗಿ ಪಿಸಿಐ ಕಾರ್ಡುಗಳ ವಿವರ ತೋರಿಸುವ ‘ಎಲ್‌ಎಸ್‌ಪಿಸಿಐ’ ಕಮಾಂಡಿಗೆ ಎರಡು ‘ವಿ’ (-vv) ಸೇರಿಸಿ ಓಡಿಸಿ. ಎಂಎಸ್‌ಐ ಸಾಲಿನ ಕೆಳಗೆ ಹದಿನಾರು ಅಂಕಿಯ ವಿಳಾಸ ಕಾಣುತ್ತದೆ. ಮೊದಲ ಎಂಟೂ ಬರೀ ಸೊನ್ನೆ ಆಗಿದ್ದರೆ ನನ್ನ ಅನುಮಾನ ತಪ್ಪು, ಬೇರೆ ಕಡೆ ಹುಡುಕಬೇಕು.