ಸಂಜೆ ಕಟ್ಟಿದ ಕೊತ್ತಂಬರಿ ಬೆಳಗ್ಗೆ ಹಳದಿಯಾಗುವುದು ಯಾಕೆ

ಅಣ್ಣಾ, ಮಧ್ಯಾಹ್ನ ಮೂರಕ್ಕೆ ಕಿತ್ತ ಕೊತ್ತಂಬರಿಗೆ ಚೆನ್ನಾಗಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹೊದಿಸಿಟ್ಟರೂ ಬೆಳಗ್ಗೆ ಮಂಡಿಯಲ್ಲಿ ಬಿಚ್ಚಿದಾಗ ಒಳಗೆಲ್ಲಾ ಹಳದಿಯಾಗಿ ಲೋಳೆ ಬಂದಿತ್ತು ಅಂತ ಕೇಳಿದ್ದೀರಿ. ನೀರು ಕಮ್ಮಿಯಾಗಿ ಅಲ್ಲ, ಕಾವು ಒಳಗೇ ಉಳಿದು ಹಾಗಾಗಿದೆ.

ಮುಂದಿನ ಸಲ ಕಟ್ಟು ಪೇರಿಸಿ ಎರಡು ಗಂಟೆ ಬಿಟ್ಟು, ರಾಶಿಯ ನಡುವೆ ಕೈ ತೂರಿಸಿ ನೋಡಿ. ತಿಪ್ಪೆಯೊಳಗೆ ಕೈ ಇಟ್ಟ ಹಾಗೆ ಬೆಚ್ಚಗಿರುತ್ತದೆ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ, ಉಸಿರಾಡುತ್ತಾ ಶಾಖ ಬಿಡುತ್ತದೆ. ಅದರ ಜೊತೆ ಬಿಸಿಲಿನ ಕಾವು, ಮೇಲೆ ಪ್ಲಾಸ್ಟಿಕ್, ಒಳಗೆ ನೀರು. ಬೇಯಿಸಿದ ಹಾಗೇ ಆಯ್ತು ಅಲ್ವಾ? ನಾನೂ ಒಂದು ಬೇಸಿಗೆಯಲ್ಲಿ ಹೀಗೇ ಮಾಡಿ ಮೆಂತ್ಯ ಸೊಪ್ಪನ್ನೆಲ್ಲಾ ಹಸುಗಳ ಮುಂದೆ ಸುರಿದಿದ್ದೇನೆ. ಅವೂ ಮೂಸಿ ನೋಡಿ ಸುಮ್ಮನಾದವು.

ಮಂಡಿ ನಸುಕಿನಲ್ಲೇ ಶುರುವಾಗುವುದರಿಂದ ಸಂಜೆ ಕೀಳದೆ ಬೇರೆ ದಾರಿಯಿಲ್ಲ, ಸರಿ. ಆದರೆ ಬಿಸಿಲು ಪೂರ್ತಿ ಇಳಿಯಲಿ. ಕಿತ್ತದ್ದನ್ನು ಬದುವಿನ ಮೇಲೆ ಬಿಡದೆ ತಕ್ಷಣ ನೆರಳಿಗೆ ತನ್ನಿ. ಬೇರು ಕತ್ತರಿಸಬೇಡಿ. ಬೇರಿನ ಕಡೆ ಮಾತ್ರ ತಣ್ಣೀರಿನಲ್ಲಿ ಅದ್ದಿ ಮಣ್ಣು ತೆಗೆದು, ಜೋರಾಗಿ ಒದರಿ, ಎಲೆ ಆರಿದ ಮೇಲೆ ಸಡಿಲವಾಗಿ ಕಟ್ಟಿ. ತೂತಿರುವ ಕ್ರೇಟಿನಲ್ಲಿ ಬೇರು ಕೆಳಗಾಗಿ ನಿಲ್ಲಿಸಿ, ನೀರು ಹಿಂಡಿದ ಗೋಣಿತಾಟು ಹೊದಿಸಿ. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮತ್ತೆ ಅದೇ ಕೊಳೆ. ಒಂದರ ಮೇಲೊಂದು ಎತ್ತರಕ್ಕೆ ಪೇರಿಸಲೇಬೇಡಿ.

ದಿನಾ ಸೊಪ್ಪು ಇಡುವವರಾದರೆ ಅದನ್ನು ತಣ್ಣಗಿಡಲು ಇಟ್ಟಿಗೆ ತೊಟ್ಟಿ ಕಟ್ಟಿಕೊಳ್ಳಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು, ಕರೆಂಟ್ ಬೇಡ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಸುಮಾರು 7.5 ಸೆಂ.ಮೀ. ಮರಳು, ಬೆಳಗ್ಗೆ ಸಂಜೆ ಆ ಮರಳಿಗೆ ನೀರು. ಹೂಜಿಯ ನೀರು ತಣ್ಣಗಾಗುವ ಲೆಕ್ಕವೇ ಇದು. ನಮ್ಮ ಬಯಲುಸೀಮೆಯ ಒಣ ಬೇಸಿಗೆಗೆ ಸೈ. ಮಳೆಗಾಲದಲ್ಲಿ ಗಾಳಿಯೇ ತೇವ, ಆಗ ಜಾಸ್ತಿ ಪ್ರಯೋಜನವಿಲ್ಲ. ಮೇಲೊಂದು ಚಪ್ಪರ ಇರಲೇಬೇಕು.

ಮನೆಗೆ ಇಟ್ಟುಕೊಳ್ಳುವ ಸೊಪ್ಪಾದರೆ ತೊಳೆಯದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಡಿ, ಅಷ್ಟೇ.

ಇನ್ನೊಂದು ಮಾತು. ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತದೆ, ಅದು ತಗುಲಿದರೆ ಸೊಪ್ಪು ಬೇಗ ಹಳದಿಯಾಗುತ್ತದೆ. ಅವತ್ತು ನಿಮ್ಮ ಗಾಡಿಯಲ್ಲಿ ಟೊಮೆಟೊ ಕ್ರೇಟೂ ಇದ್ದವಾ?