ಮಣ್ಣಿನ ಚೀಲದ ಜಗಳ ಆಮೇಲೆ, ಮೊದಲು ಲಿಫ್ಟಿನ ಬ್ಯಾಟರಿ ತೆಗೆದು ನೋಡಿ

ಅಕ್ಕ, ನಿಮ್ಮ ಪೋಸ್ಟ್ ಓದಿ ಬೇಜಾರಾಯಿತು. ಮಗಳ ಜೊತೆ ಎರಡು ಚೀಲ ಎರೆಗೊಬ್ಬರ ಇಟ್ಟುಕೊಂಡು ಲಿಫ್ಟಿನಲ್ಲಿ ತಾರಸಿ ತೋಟಕ್ಕೆ ಹೊರಟಿದ್ದಿರಿ. ಎರಡನೇ ಮಹಡಿ ದಾಟಿದ ಮೇಲೆ ಕರೆಂಟ್ ಹೋಯಿತು. ನಲವತ್ತು ನಿಮಿಷ ಕತ್ತಲಲ್ಲಿ ಕುಳಿತಿರಿ. ಈಗ ಅಪಾರ್ಟ್‌ಮೆಂಟಿನವರು "ನಿಮ್ಮ ಮಣ್ಣಿನಿಂದಲೇ ಲಿಫ್ಟ್ ಕೆಟ್ಟಿದ್ದು, ಇನ್ನು ಚೀಲ ತರಬೇಡಿ" ಎನ್ನುತ್ತಿದ್ದಾರೆ. ನಾನು 19 ವರ್ಷ ಲಿಫ್ಟ್ ಸರ್ವಿಸ್ ಕೆಲಸ ಮಾಡಿದವನು, ಬಹುಪಾಲು ಕಲಬುರಗಿಯಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ದಿನ ಆಗಿದ್ದಕ್ಕೆ ಮಣ್ಣು ಕಾರಣವಲ್ಲ. ಕರೆಂಟ್ ಹೋದರೆ ಲಿಫ್ಟಿನ ಬ್ರೇಕ್ ತಾನಾಗಿಯೇ ಬಿಗಿದುಕೊಳ್ಳುತ್ತದೆ, ಲಿಫ್ಟ್ ಇದ್ದಲ್ಲೇ ನಿಲ್ಲುತ್ತದೆ. ಆಗ ಎಆರ್‌ಡಿ ಎನ್ನುವ ಪೆಟ್ಟಿಗೆ ಕೆಲಸ ಶುರು ಮಾಡಬೇಕು. ಅದು ಬ್ಯಾಟರಿ ಮೇಲೆ ಲಿಫ್ಟನ್ನು ನಿಧಾನವಾಗಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುತ್ತದೆ. ನಿಮ್ಮಲ್ಲಿ ಎಆರ್‌ಡಿ ಇದೆ, ಆದರೆ ಅಲುಗಾಡಲಿಲ್ಲ ಎಂದು ಬರೆದಿದ್ದೀರಿ. ನೂರಕ್ಕೆ ನೂರು ಎನ್ನಲಾರೆ, ಆದರೆ ನನ್ನ ಮೊದಲ ಅನುಮಾನ ಬ್ಯಾಟರಿ ಮೇಲೆ.

ಈ ಬ್ಯಾಟರಿಗಳು ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತವೆ. ಅದೂ ತಂಪಾದ ಜಾಗದಲ್ಲಿ. 25 ಡಿಗ್ರಿಗಿಂತ ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಲೆಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮೂರ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. 42, 43 ಡಿಗ್ರಿ ಹೊರಗಡೆ ಇದ್ದರೆ ತಾರಸಿಯ ಮೇಲಿನ ಮಷೀನ್ ರೂಮಿನ ಒಳಗೆ ಎಷ್ಟಿರಬೇಡ! ಒಂದು ಕಟ್ಟಡದಲ್ಲಿ ನಾನು ಪೆಟ್ಟಿಗೆ ಬಿಚ್ಚಿದಾಗ ಐದು ವರ್ಷದ ಬ್ಯಾಟರಿ ಹೋಳಿಗೆಯ ಹಾಗೆ ಉಬ್ಬಿ ಕೂತಿತ್ತು. ಹೊರಗಿನ ಹಸಿರು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಆ ದೀಪ ಚಾರ್ಜರ್‌ಗೆ ಕರೆಂಟ್ ಬರುತ್ತಿದೆ ಎಂದಷ್ಟೇ ಹೇಳುತ್ತಿತ್ತು. ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿರಲಿಲ್ಲ.

ಆದ್ದರಿಂದ ದೀಪ ನೋಡಿ ನಂಬಬೇಡಿ. ತಿಂಗಳಿಗೊಮ್ಮೆ ಸರ್ವಿಸ್‌ಗೆ ಬರುವ ಮೆಕ್ಯಾನಿಕ್‌ಗೆ ಹೇಳಿ: ಲಿಫ್ಟ್ ಖಾಲಿ ಇರುವಾಗ, ಎರಡು ಮಹಡಿಯ ನಡುವೆ ಓಡುತ್ತಿರುವಾಗ, ಮೇನ್ ಸ್ವಿಚ್ ಆಫ್ ಮಾಡಿ ತೋರಿಸು. ಲಿಫ್ಟ್ ಮಹಡಿಗೆ ಬಂದು ಬಾಗಿಲು ತೆರೆದರೆ ಸರಿ. ಇಲ್ಲದಿದ್ದರೆ ಅವತ್ತೇ ಬ್ಯಾಟರಿ ಬದಲಾಯಿಸಿ. ಸೆಟ್ಟಿನಲ್ಲಿ ಒಂದನ್ನು ಮಾತ್ರ ಬದಲಾಯಿಸಬೇಡಿ, ಎಲ್ಲವನ್ನೂ ಒಟ್ಟಿಗೆ ಹಾಕಿಸಿ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಬ್ಯಾಟರಿ ಮೇಲೆಯೇ ಬರೆಸಿ.

ಇಲ್ಲಿ ತೋಟದವರು ಮಾಡಬಹುದಾದ ಒಂದು ಒಳ್ಳೆಯ ಕೆಲಸ ಇದೆ. ಮಷೀನ್ ರೂಮಿನ ಪಡುವಣ ಗೋಡೆಗೆ ಹಸಿರು ನೆರಳು ಬಲೆ ಕಟ್ಟಿ. ಕಿಟಕಿಗೆ ಗಾಳಿ ಅಡ್ಡ ಆಗದಂತೆ ಸ್ವಲ್ಪ ದೂರ ಇರಲಿ. ಆದರೆ ಅದರ ಮೇಲ್ಚಾವಣಿಯಲ್ಲಿ ಒಂದು ಕುಂಡವನ್ನೂ ಇಡಬೇಡಿ. ನೀರು ಇಳಿದು ಕಂಟ್ರೋಲ್ ಪ್ಯಾನಲ್‌ಗೆ ತಾಗಿದರೆ ದೊಡ್ಡ ಖರ್ಚು, ದೊಡ್ಡ ಅಪಾಯ.

ಈಗ ಮಣ್ಣಿನ ಮಾತು. ಅವತ್ತು ಮಣ್ಣು ಕಾರಣವಲ್ಲ ಎಂದೆ. ಆದರೆ ಮಣ್ಣಿನಿಂದ ಲಿಫ್ಟ್ ನಿಲ್ಲುವುದೇ ಇಲ್ಲ ಎನ್ನಲು ಬರುವುದಿಲ್ಲ. ನಾನು ನೋಡಿದ ದೂರುಗಳಲ್ಲಿ ಹೆಚ್ಚಿನವು ಬಾಗಿಲಿನವು. ಪ್ರತಿ ಮಹಡಿಯ ಬಾಗಿಲಿಗೂ, ಲಿಫ್ಟಿನ ಒಳ ಬಾಗಿಲಿಗೂ ಒಂದೊಂದು ಲಾಕ್ ಕಾಂಟ್ಯಾಕ್ಟ್, ಅಂದರೆ ಬಾಗಿಲು ಮುಚ್ಚಿದಾಗ ಮಾತ್ರ ಕರೆಂಟ್ ಹರಿಯಲು ಬಿಡುವ ಸ್ವಿಚ್, ಇರುತ್ತದೆ. ಎಲ್ಲವೂ ಒಂದೇ ಸಾಲಿನಲ್ಲಿ, ದೀಪಾವಳಿಯ ಹಳೆಯ ಸೀರಿಯಲ್ ಲೈಟಿನ ಹಾಗೆ. ಒಂದು ಬಿಟ್ಟುಕೊಂಡರೂ ಲಿಫ್ಟ್ ನಿಂತಿತು. ನೀವು ಎರಡನೇ ಮಹಡಿಯ ಹತ್ತಿರ ಇರುವಾಗ ನಾಲ್ಕನೇ ಮಹಡಿಯಲ್ಲಿ ಯಾರೋ ಹುಡುಗ ಬಾಗಿಲು ಎಳೆದಾಡಿದರೂ ಸಾಕು. ಹೀಗೆ ನಿಂತಾಗ ಎಆರ್‌ಡಿ ಎಷ್ಟು ಹೊಸದಿದ್ದರೂ ಲಿಫ್ಟನ್ನು ಕದಲಿಸುವುದಿಲ್ಲ. ಬಾಗಿಲು ಸರಿಯಾಗಿ ಮುಚ್ಚಿಲ್ಲದಿದ್ದರೆ ಕದಲಿಸಲೂ ಬಾರದು.

ಬಾಗಿಲು ಜಾರುವ ಕೆಳಗಿನ ಹಳಿಯಲ್ಲಿ ಸಣ್ಣ ಕಲ್ಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಣಗಿದ ಮಣ್ಣು ಕೂತರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಬರೀ ತೋಟದವರನ್ನು ಬೈದರೆ ಆಗಲಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಊರಿಂದ ಚೀಲ ಬರುತ್ತವಲ್ಲ, ಆಗ ಪ್ರತಿ ವರ್ಷ ನನಗೆ ಫೋನ್ ಜಾಸ್ತಿ. ಒಂದೇ ಒಂದು ತೊಗರಿ ಕಾಳು ಹಳಿಯಲ್ಲಿ ಸಿಕ್ಕಿ ಮೂರು ತಾಸು ಲಿಫ್ಟ್ ನಿಂತಿದ್ದನ್ನು ನಾನೇ ಬಿಡಿಸಿದ್ದೇನೆ.

ವಾರಕ್ಕೊಮ್ಮೆ ಪ್ರತಿ ಮಹಡಿಯ ಹಳಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕಸವನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಒಳಗೆ ತಳ್ಳಬೇಡಿ. ಎಣ್ಣೆ ಹಾಕಬೇಡಿ, ಎಣ್ಣೆಗೆ ಧೂಳು ಅಂಟುತ್ತದೆ. ನೀರಂತೂ ಬೇಡವೇ ಬೇಡ. ಹಬ್ಬಕ್ಕೆ ಫರ್ಸಿ ತೊಳೆಯುವಾಗ ಬಕೆಟ್ ನೀರು ಸುರಿದು ಲಿಫ್ಟಿನ ಕಡೆ ಗುಡಿಸುತ್ತಾರೆ. ಅದು ನೇರ ಕೆಳಗಿನ ಗುಂಡಿಗೆ ಇಳಿಯುತ್ತದೆ. ಅಲ್ಲಿರುವ ಸ್ವಿಚ್ಚುಗಳು ಒದ್ದೆಯಾದರೆ ಮತ್ತೆ ಅದೇ ಕಥೆ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಲ್ಲುತ್ತಿದೆಯೇ ಎಂದು ಮೆಕ್ಯಾನಿಕ್ ಕೈಲಿ ನೋಡಿಸಿ.

ಚೀಲ ಸಾಗಿಸುವುದನ್ನು ನಿಲ್ಲಿಸಬೇಕಾಗಿಲ್ಲ, ರೀತಿ ಬದಲಾಯಿಸಿ. ನಿಮ್ಮದು ಆರು ಜನರ ಲಿಫ್ಟ್, ಅಂದರೆ 408 ಕಿಲೊ. ಒಬ್ಬರಿಗೆ 68 ಕಿಲೊ ಲೆಕ್ಕ. ಒದ್ದೆ ಗೊಬ್ಬರದ ಚೀಲ 40, 50 ಕಿಲೊ ತೂಗುತ್ತದೆ. ಒಂದು ಸಲಕ್ಕೆ ಎರಡು ಚೀಲ, ಜೊತೆಗೆ ಒಬ್ಬರು ಸಾಕು. ಚೀಲದ ಬಾಯಿ ಕಟ್ಟಿ, ಕೆಳಗೆ ತಾಡಪತ್ರಿ ಹಾಸಿ. ಮುಖ್ಯವಾಗಿ ಚೀಲವನ್ನು ಬಾಗಿಲಿಗೆ ಒರಗಿಸಬೇಡಿ, ಹಿಂದಿನ ಗೋಡೆಗೆ ಇಡಿ. ಲಿಫ್ಟ್ ಹೊರಟಾಗ ಚೀಲ ವಾಲಿ ಬಾಗಿಲನ್ನು ಒತ್ತಿದರೆ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ. ಇಟ್ಟಿಗೆ ಇಟ್ಟು ಬಾಗಿಲು ತಡೆಯುವ ಅಭ್ಯಾಸವೂ ಬೇಡ.

ಇನ್ನು ಒಳಗೆ ಸಿಕ್ಕಿದ ಮೇಲೆ. ನೀವು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳಿದಿರಿ ಅಂದಿರಲ್ಲ, ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿಲ್ಲ. ಉಸಿರುಗಟ್ಟುತ್ತದೆ ಎಂಬ ಭಯ ಬೇಡ. ಗಾಳಿಗೆ ಕಂಡಿ ಇರುತ್ತದೆ, ಬಾಗಿಲ ಸಂದಿಯಿಂದಲೂ ಗಾಳಿ ಬರುತ್ತದೆ. ಹಗ್ಗ ತುಂಡಾಗಿ ಬೀಳುತ್ತದೆ ಎಂಬ ಭಯವೂ ಬೇಡ. ಉಕ್ಕಿನ ಹಗ್ಗ ಒಂದಲ್ಲ, ಹಲವು ಇರುತ್ತವೆ. ವೇಗ ಮೀರಿದರೆ ಲಿಫ್ಟ್ ಏರಿಳಿಯುವ ಹಳಿಯನ್ನೇ ಕಚ್ಚಿ ಹಿಡಿಯುವ ಬ್ರೇಕ್ ಬೇರೆ ಇದೆ.

ಜೀವ ಹೋಗುವುದು ಅವಸರದಲ್ಲಿ ಹೊರಬರಲು ಹೋದಾಗ. ಲಿಫ್ಟ್ ಎರಡು ಮಹಡಿಯ ನಡುವೆ ನಿಂತಿರುತ್ತದೆ. ಬಾಗಿಲು ಅಗಲಿಸಿ ಕೆಳಗಿನ ಮಹಡಿಗೆ ಹಾರುತ್ತಾರೆ. ಲಿಫ್ಟಿನ ತಳಕ್ಕೂ ಮಹಡಿಯ ನೆಲಕ್ಕೂ ನಡುವೆ ಬಾಯಿ ತೆರೆದ ಗುಂಡಿ ಇರುತ್ತದೆ. ಕಾಲು ಜಾರಿದರೆ ನೇರ ಕೆಳಕ್ಕೆ. ಅರ್ಧ ಹೊರಬಂದಾಗ ಲಿಫ್ಟ್ ಕದಲಿದರೂ ಅಷ್ಟೇ. ಮಗಳಿಗೂ ಇದನ್ನು ಹೇಳಿಕೊಡಿ: ಗಂಟೆ ಒತ್ತು, ಬಾಗಿಲಿನಿಂದ ದೂರ ಕೂಡು, ಯಾರು ಕರೆದರೂ ಹಾರಬೇಡ.

ವಾಚ್‌ಮನ್ ಕೈಲಿ ಬಾಗಿಲಿನ ಕೀಲಿ ಕೊಡಬಹುದೇ ಎಂದು ಕೇಳಿದ್ದೀರಿ. ಕಟ್ಟಡದಲ್ಲಿ ಕೀಲಿ ಇರಬೇಕು, ಆದರೆ ಮೊಳೆಗೆ ನೇತುಹಾಕಬಾರದು. ಮೆಕ್ಯಾನಿಕ್ ಕೈಲಿ ತರಬೇತಿ ಪಡೆದ ಇಬ್ಬರ ಹತ್ತಿರ ಮಾತ್ರ ಇರಲಿ. ಅವರು ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಒಳಗಿದ್ದವರ ಜೊತೆ ಮಾತಾಡಿ ಲಿಫ್ಟ್ ಎಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಲಿಫ್ಟಿನ ನೆಲಕ್ಕೂ ಮಹಡಿಗೂ ಒಂದು ಗೇಣಿಗಿಂತ ಜಾಸ್ತಿ ಅಂತರ ಇದ್ದರೆ ಯಾರನ್ನೂ ಇಳಿಸದೆ ಮೆಕ್ಯಾನಿಕ್‌ಗೆ ಕಾಯಬೇಕು. ಒಳಗಿದ್ದವರಿಗೆ ಎದೆನೋವು, ಸುಸ್ತು ಏನಾದರೂ ಇದ್ದರೆ ಕಾಯದೆ 112ಕ್ಕೆ ಫೋನ್ ಮಾಡಬೇಕು. ಬ್ರೇಕ್ ಬಿಡಿಸಿ ಲಿಫ್ಟ್ ಸರಿಸುವ ಕೆಲಸ ತರಬೇತಿ ಇಲ್ಲದವರು ಮುಟ್ಟಲೇಬಾರದು. ಒಳಗೆ ಒಬ್ಬರು ಇಬ್ಬರೇ ಇದ್ದರೆ ಹಗ್ಗದ ಇನ್ನೊಂದು ತುದಿಗೆ ಕಟ್ಟಿರುವ ಎದುರು ತೂಕವೇ ಭಾರ, ಬ್ರೇಕ್ ಬಿಟ್ಟರೆ ಲಿಫ್ಟ್ ಮೇಲಕ್ಕೆ ಓಡುತ್ತದೆ.

ನೀವು ಒತ್ತಿದ ಗಂಟೆ ಯಾರಿಗೂ ಕೇಳಿಸಲಿಲ್ಲ, ಮೊಬೈಲ್‌ಗೂ ಸಿಗ್ನಲ್ ಸಿಗಲಿಲ್ಲ. ಇದು ನನಗೆ ಬ್ಯಾಟರಿಗಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನ ವಾಚ್‌ಮನ್ ಊಟಕ್ಕೆ ಹೋಗಿದ್ದನಂತೆ. ಅವನ ತಪ್ಪಲ್ಲ. ಗಂಟೆಯ ಇನ್ನೊಂದು ತಂತಿ ಎಳೆದು, ಮನೆಯಲ್ಲೇ ಇರುವ ಹಿರಿಯರೊಬ್ಬರ ಫ್ಲಾಟಿಗೂ ಕೊಡಿಸಿ. ಒಳಗಿನ ಗಂಟೆ, ಇಂಟರ್‌ಕಾಮ್, ತುರ್ತು ದೀಪ ಮೂರನ್ನೂ ಪ್ರತಿ ಭಾನುವಾರ ಒತ್ತಿ ನೋಡಿ. ಅರ್ಧ ನಿಮಿಷದ ಕೆಲಸ.

ಮೀಟಿಂಗ್‌ನಲ್ಲಿ ಇದನ್ನೂ ಕೇಳಿ: ಸರ್ವಿಸ್ ಒಪ್ಪಂದದಲ್ಲಿ ಬ್ಯಾಟರಿ ಸೇರಿದೆಯೇ? ಮೆಕ್ಯಾನಿಕ್ ಊರಲ್ಲೇ ಇದ್ದಾನೋ, ಸೊಲ್ಲಾಪುರದಿಂದ ಬರಬೇಕೋ? ಲಿಫ್ಟಿನ ಲೈಸೆನ್ಸ್ ಎಲ್ಲಿದೆ? ಕರ್ನಾಟಕದಲ್ಲಿ ಲಿಫ್ಟ್‌ಗಳಿಗೆಂದೇ 2012ರ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಓಡಿಸುವ ಹಾಗಿಲ್ಲ.

ಅಕ್ಕ, ಮೆಕ್ಯಾನಿಕ್ ಬಂದಾಗ ಪೆಟ್ಟಿಗೆ ತೆಗೆಸಿ ಬ್ಯಾಟರಿ ಮೇಲಿನ ತಾರೀಖು ಕಾಣುವ ಹಾಗೆ ಒಂದು ಫೋಟೊ ಇಲ್ಲೇ ಹಾಕಿ. ಎರಡನೇ ಮಹಡಿಯ ಬಾಗಿಲಿನ ಹಳಿಯದೂ ಒಂದು ಹಾಕಿ. ನೋಡಿ ಹೇಳುತ್ತೇನೆ.