ಓದುಗರ ಪ್ರಶ್ನೆ: ಬೆಟ್ಟದ ಫೋಟೋಗೆ ಒಂದು ದಿನದ ಪ್ರವಾಸ

ಪ್ರಶ್ನೆ: ನನಗೆ ಐವತ್ತು ದಾಟಿದೆ. ದೊಡ್ಡ ಚಾರಣ ಮಾಡುವ ಶಕ್ತಿ ಈಗ ಇಲ್ಲ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವಂಥ ಸುಲಭದ ಬೆಟ್ಟಗಳಿಗೆ ಹೋಗುತ್ತೇನೆ. ಆದರೆ ತಲುಪುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ, ಫೋಟೋ ಸಪ್ಪೆಯಾಗಿ ಬರುತ್ತದೆ. ಪ್ಲಾನ್ ಎಲ್ಲಿಂದ ಶುರು ಮಾಡಲಿ?

ಉತ್ತರ: ಬೆಳಕಿನಿಂದ ಶುರು ಮಾಡಿ. ಸಾಮಾನ್ಯವಾಗಿ ನಾವು ಮೊದಲು ಬೆಟ್ಟ ಆರಿಸುತ್ತೇವೆ, ಆಮೇಲೆ ದಾರಿ ನೋಡುತ್ತೇವೆ, ಹೊತ್ತಿನ ಯೋಚನೆ ಕೊನೆಗೆ. ಫೋಟೋಗಾಗಿ ಹೋಗುವಾಗ ಇದನ್ನು ತಿರುವುಮುರುವು ಮಾಡಬೇಕು. ಒಳ್ಳೆಯ ಬೆಳಕು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬೀಳುತ್ತದೆ? ಆಗ ನೀವು ಎಲ್ಲಿ ನಿಂತಿರಬೇಕು? ಇವೆರಡು ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಮನೆ ಬಿಡುವ ಗಂಟೆ ತಾನಾಗಿ ಸಿಗುತ್ತದೆ.

ಮಧ್ಯಾಹ್ನದ ಫೋಟೋ ಸಪ್ಪೆ ಆಗುವುದು ಕ್ಯಾಮೆರಾದ ತಪ್ಪಲ್ಲ. ಬೆಟ್ಟದ ಮೈಯ ಉಬ್ಬುತಗ್ಗು ಕಣ್ಣಿಗೆ ಕಾಣುವುದೇ ನೆರಳಿನಿಂದ. ಸೂರ್ಯ ನೆತ್ತಿಯ ಮೇಲಿದ್ದಾಗ ನೆರಳು ಕುಗ್ಗಿಹೋಗುತ್ತದೆ, ಇಡೀ ಬೆಟ್ಟ ಚಪ್ಪಟೆಯಾಗಿ ಕಾಣುತ್ತದೆ. ಎಳೆಬಿಸಿಲು, ಇಳಿಬಿಸಿಲು ಅಡ್ಡದಿಂದ ಬೀಳುವಾಗ ಒಂದೊಂದು ಸೀಳು, ಒಂದೊಂದು ಏಣು ಎದ್ದು ನಿಲ್ಲುತ್ತದೆ. ಹಾಗಾಗಿ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವುದಕ್ಕಿಂತ ಎಡಕ್ಕೋ ಬಲಕ್ಕೋ ಇರುವಂಥ ಜಾಗ ಹುಡುಕಿ.

ಆ ಜಾಗ ಶಿಖರದ ತುದಿಯೇ ಆಗಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ತುದಿ ಮುಟ್ಟದೆ ಫೋಟೋ ಇಲ್ಲ ಅಂದುಕೊಂಡಿದ್ದಾರೆ. ತುದಿಯಲ್ಲಿ ನಿಂತರೆ ಆ ಬೆಟ್ಟವೇ ಚಿತ್ರದಲ್ಲಿ ಇರುವುದಿಲ್ಲ, ಅಲ್ವಾ? ಎದುರು ಬೆಟ್ಟದ ಅರ್ಧ ಎತ್ತರ, ಎರಡು ಬೆಟ್ಟಗಳ ನಡುವಿನ ಕಣಿವೆಬಾಯಿ, ಕೆರೆಯ ಅಂಚು, ರಸ್ತೆಯಿಂದ ಅರ್ಧ ಗಂಟೆ ದೂರದ ಹುಲ್ಲುಗಾವಲು: ಇಂಥ ಕಡೆ ಬೆಟ್ಟ ಪೂರ್ತಿಯಾಗಿ ಕಾಣುತ್ತದೆ. ನಿಮಗೆ ಬೇಕಾದ ಸುಲಭದ ದಾರಿಯೂ ಇಲ್ಲೇ ಇದೆ. ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನಕ್ಷೆ ನೋಡುವುದನ್ನು ಕಲಿಯಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಆರಾಮದ ನಡಿಗೆ.

ಇನ್ನು ಹೊತ್ತಿನ ಲೆಕ್ಕ. ಪಂಚಾಂಗದಲ್ಲೋ ಫೋನಿನಲ್ಲೋ ಇರುವ ಸೂರ್ಯಾಸ್ತದ ಸಮಯ ಸಮತಟ್ಟಾದ ದಿಗಂತಕ್ಕೆ ಹೇಳಿದ್ದು. ಪಶ್ಚಿಮಕ್ಕೆ ಬೆಟ್ಟದ ಸಾಲು ಅಡ್ಡ ಇದ್ದರೆ ಬಿಸಿಲು ಅದಕ್ಕಿಂತ ಎಷ್ಟೋ ಮೊದಲೇ ಹೋಗಿಬಿಡುತ್ತದೆ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸೂರ್ಯ ಆಕಾಶದಲ್ಲಿ ಗಂಟೆಗೆ ಹೆಚ್ಚೆಂದರೆ 15 ಡಿಗ್ರಿ ಸರಿಯುತ್ತಾನೆ. ಅಂದರೆ ಎದುರಿನ ಸಾಲು ದಿಗಂತದಿಂದ ಒಂದು ಮುಷ್ಟಿ ಎತ್ತರ ಇದ್ದರೆ ನಿಮಗೆ ಕನಿಷ್ಠ 40 ನಿಮಿಷದ ಬಿಸಿಲು ಕಡಿಮೆ. ಬೆಳಿಗ್ಗೆಯೂ ಅಷ್ಟೇ, ಪೂರ್ವದ ಬೆಟ್ಟ ದಾಟಿ ಸೂರ್ಯ ಬರುವುದು ತಡ. ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ (ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ದಿನ) ಆಸುಪಾಸಿನಲ್ಲಿ ಮಾತ್ರ. ಜೂನ್‌ನಲ್ಲಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಒಂದೇ ಜಾಗ ಜೂನ್‌ನಲ್ಲಿ ಹೊಳೆದರೆ ಡಿಸೆಂಬರ್‌ನಲ್ಲಿ ಕತ್ತಲಾಗಿರಬಹುದು.

ನಡಿಗೆಗೆ ಎಷ್ಟು ಹೊತ್ತು ಬೇಕು? ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 3 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ 66 ನಿಮಿಷ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ವೇಗ. ಹೆಗಲಿಗೆ ಕ್ಯಾಮೆರಾ ಚೀಲ ಇದ್ದವರು, ಹೂವು ಕಂಡಲ್ಲಿ ನಿಲ್ಲುವವರು ಅರ್ಧದಷ್ಟು ಸೇರಿಸಿಕೊಳ್ಳಿ. ಒಂದು ಗಂಟೆ ನಲವತ್ತು ನಿಮಿಷ ಇಟ್ಟುಕೊಳ್ಳೋಣ. ಬೆಳಕು ಚೆನ್ನಾಗಿ ಬೀಳುವುದಕ್ಕೆ ಒಂದು ಗಂಟೆ ಮೊದಲೇ ಜಾಗ ಸೇರಬೇಕು. ಆ ಒಂದು ಗಂಟೆ ಕೈಬಿಡಬೇಡಿ. ಎಲ್ಲಿ ನಿಲ್ಲಬೇಕು, ಮುಂದೆ ಯಾವ ಬಂಡೆ ಇರಬೇಕು, ಯಾವ ಮರ ಅಡ್ಡ ಬರುತ್ತದೆ ಎಂದು ಗೊತ್ತಾಗುವುದು ಆಗಲೇ.

ಬೆಳಿಗ್ಗೆಯೋ ಸಂಜೆಯೋ? ಬೆಳಗಿನ ಗಾಳಿ ಶುಭ್ರ, ಕೆರೆಯ ನೀರು ಅಲುಗುವುದಿಲ್ಲ, ಕಣಿವೆಯಲ್ಲಿ ಮಂಜು ಸಿಗುವ ಸಾಧ್ಯತೆಯೂ ಜಾಸ್ತಿ. ಆದರೆ ಗುರುತಿಲ್ಲದ ದಾರಿಯನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ. ಮೊದಲ ಸಲ ಹೋಗುವ ಬೆಟ್ಟಕ್ಕೆ ನಾನು ಸಂಜೆಯನ್ನೇ ಆರಿಸುತ್ತೇನೆ. ಬೆಳಕಿರುವಾಗ ಹತ್ತಿದ ದಾರಿ ಇಳಿಯುವಾಗ ಪರಿಚಯದ್ದಾಗಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಬರುವ ಕಾಲದಲ್ಲಿ ಮಾತ್ರ ಬೆಳಿಗ್ಗೆಯೇ ಸರಿ. ಎರಡಕ್ಕೂ ತಲೆಗೆ ಕಟ್ಟುವ ದೀಪ ಬೇಕೇ ಬೇಕು. ಫೋನಿನ ಟಾರ್ಚ್ ನಂಬಬೇಡಿ, ಕೈ ಎರಡೂ ಖಾಲಿ ಇರಬೇಕು.

ಪ್ರಶ್ನೆ: ಮೋಡ ಕವಿದಿದ್ದರೆ ಪ್ರವಾಸ ರದ್ದು ಮಾಡಬೇಕೇ?

ಉತ್ತರ: ದಯವಿಟ್ಟು ಮಾಡಬೇಡಿ! ಒಂದೂ ಮೋಡ ಇಲ್ಲದ ನೀಲಿ ಆಕಾಶ ನಡೆಯುವುದಕ್ಕೆ ಹಿತ, ಫೋಟೋಗೆ ಅಷ್ಟೇನೂ ಅಲ್ಲ. ಮೋಡದ ಸಂದಿಯಿಂದ ಒಂದೇ ಇಳಿಜಾರಿನ ಮೇಲೆ ಬಿಸಿಲು ಬಿದ್ದು ಉಳಿದದ್ದೆಲ್ಲ ನೆರಳಲ್ಲಿದ್ದಾಗ ಬೆಟ್ಟಕ್ಕೆ ಬರುವ ಆಳವೇ ಬೇರೆ.

ಗೊತ್ತಿರಬೇಕಾದದ್ದು ಮೋಡ ಎಷ್ಟು ಎತ್ತರದಲ್ಲಿದೆ ಅನ್ನುವುದು. ಇದಕ್ಕೆ ಒಂದು ಅಂದಾಜು ಲೆಕ್ಕವಿದೆ. ಹವಾಮಾನ ವರದಿಯಲ್ಲಿ ಉಷ್ಣಾಂಶದ ಜೊತೆಗೆ ಇಬ್ಬನಿ ಬಿಂದುವನ್ನೂ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ಕೊಟ್ಟಿರುತ್ತಾರೆ. ಎರಡರ ನಡುವಿನ ವ್ಯತ್ಯಾಸವನ್ನು 125ರಿಂದ ಗುಣಿಸಿ. ವ್ಯತ್ಯಾಸ 4 ಡಿಗ್ರಿ ಇದ್ದರೆ ಮೋಡದ ತಳ ಆ ವರದಿಯ ಜಾಗದಿಂದ ಸುಮಾರು 500 ಮೀಟರ್ ಮೇಲೆ. ಹಗಲು ಬಿಸಿಲಿಗೆ ಎದ್ದ ಹತ್ತಿಯಂಥ ಮೋಡಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ನೀವು ನಿಲ್ಲುವ ಜಾಗ ಅದಕ್ಕಿಂತ 700 ಮೀಟರ್ ಮೇಲಿದ್ದರೆ ಅವತ್ತು ನೀವು ಮೋಡದೊಳಗೆ. ಅಂಥ ದಿನ ಕೆಳಗಿನ ಜಾಗ ಆರಿಸಿ.

ಕಣಿವೆಯ ಮಂಜು ಬೇಕು ಅನ್ನುವವರು ಹಿಂದಿನ ದಿನ ಮಳೆ ಬಂದು, ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತಿರುವ ಬೆಳಗನ್ನು ಕಾಯಿರಿ. ರಾತ್ರಿ ನೆಲ ತಣ್ಣಗಾಗುತ್ತದೆ, ತಂಪಾದ ಭಾರದ ಗಾಳಿ ಕಣಿವೆಗೆ ಇಳಿದು ಕೂರುತ್ತದೆ, ಅಲ್ಲೇ ಮಂಜು ಕಟ್ಟುತ್ತದೆ. ನೀವು ಅದಕ್ಕಿಂತ ಸ್ವಲ್ಪ ಮೇಲಿರಬೇಕು, ಅಷ್ಟೇ. ಬೆಚ್ಚಗಿನ ಬಟ್ಟೆ ಮರೆಯಬೇಡಿ. ಸಾಮಾನ್ಯವಾಗಿ ಪ್ರತಿ 1000 ಮೀಟರ್‌ಗೆ ಆರೂವರೆ ಡಿಗ್ರಿಯಷ್ಟು ಚಳಿ ಏರುತ್ತದೆ. ನಡೆಯುವಾಗ ಅದು ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ.

ಗುಡುಗಿಗೆ ಮಾತ್ರ ರಾಜಿ ಇಲ್ಲ. ಮಿಂಚಿಗೂ ಶಬ್ದಕ್ಕೂ ನಡುವೆ 3 ಸೆಕೆಂಡ್ ಅಂದರೆ ಸುಮಾರು ಒಂದು ಕಿಲೋಮೀಟರ್ ದೂರ. 30 ಸೆಕೆಂಡ್‌ಗಿಂತ ಕಡಿಮೆ ಆದರೆ ಏಣು ಬಿಟ್ಟು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ಹತ್ತಬೇಡಿ.

ಪ್ರಶ್ನೆ: ಯಾವ ಲೆನ್ಸ್ ಒಯ್ಯಲಿ? ಎಲ್ಲ ಹೊತ್ತರೆ ಬೆನ್ನು ನೋವು.

ಉತ್ತರ: ಒಂದೇ ಒಯ್ಯಬೇಕು ಅಂದರೆ ನಾನು 70-200 ಮಿಲಿಮೀಟರ್ ಜೂಮ್, ಅಂದರೆ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಒಯ್ಯುತ್ತೇನೆ. ಬೆಟ್ಟಕ್ಕೆ ಅಗಲ ಲೆನ್ಸ್ ಅನ್ನುವುದು ರೂಢಿ, ಆದರೆ ಅದರಲ್ಲಿ ದೂರದ ಬೆಟ್ಟ ಸಣ್ಣ ದಿಬ್ಬವಾಗಿಬಿಡುತ್ತದೆ. ಕಣ್ಣಿಗೆ ಕಂಡ ಎತ್ತರ ಬೇಕಾದರೆ ಉದ್ದ ಲೆನ್ಸ್ ಬೇಕು. ಮುಂದೆ ಹೂವಿನ ಹಾಸು ಇದ್ದರೆ ಅಗಲದ್ದು ಸರಿ. ಹಗುರದ ಟ್ರೈಪಾಡ್, ಒಂದು ಪೋಲರೈಸರ್ (ಪ್ರತಿಫಲನ, ಮಬ್ಬು ಕಡಿಮೆ ಮಾಡುವ ಫಿಲ್ಟರ್), ಇನ್ನೊಂದು ಬ್ಯಾಟರಿ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಒಳಜೇಬಿನಲ್ಲಿ ಇಡಿ. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ರಂಧ್ರ) ಎಫ್ 8 ಅಥವಾ 11 ಸಾಕು, ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಸಣ್ಣದು. 22ಕ್ಕೆ ಹೋದರೆ ಬೆಳಕು ಸಣ್ಣ ರಂಧ್ರದಲ್ಲಿ ಹರಡಿ ಚಿತ್ರ ಮೆತ್ತಗಾಗುತ್ತದೆ.

ಪ್ರಶ್ನೆ: ದೂರದ ಬೆಟ್ಟಗಳು ನೀಲಿಯಾಗಿ, ಮಸುಕಾಗಿ ಬರುತ್ತವೆ. ಸರಿ ಮಾಡುವುದು ಹೇಗೆ?

ಉತ್ತರ: ಸರಿ ಮಾಡಬೇಡಿ ಅನ್ನುವುದೇ ನನ್ನ ಮೊದಲ ಮಾತು. ಗಾಳಿಯ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತವೆ. ದೂರ ಹೆಚ್ಚಿದಂತೆ ನಡುವಿನ ಗಾಳಿಯೂ ಹೆಚ್ಚು, ನೀಲಿಯೂ ಹೆಚ್ಚು. ಲಿಯೊನಾರ್ಡೊ ಡ ವಿಂಚಿ ದೂರ ತೋರಿಸಲು ಇದನ್ನೇ ತನ್ನ ಚಿತ್ರಗಳಲ್ಲಿ ಬಳಸಿದ, ಅದರ ಬಗ್ಗೆ ಬರೆದಿಟ್ಟ. ಒಂದರ ಹಿಂದೆ ಒಂದು ತೆಳುವಾಗುತ್ತಾ ಹೋಗುವ ಸಾಲುಗಳನ್ನು ಉದ್ದ ಲೆನ್ಸ್‌ನಲ್ಲಿ, ಸೂರ್ಯ ಇರುವ ಕಡೆಗೇ ತಿರುಗಿ ತೆಗೆದು ನೋಡಿ.

ಸ್ಪಷ್ಟವಾಗಿಯೇ ಬೇಕಾದರೆ ಮಳೆ ನಿಂತ ಮರುದಿನ ಬೆಳಿಗ್ಗೆ ಹೋಗಿ, ಪೋಲರೈಸರ್ ಹಾಕಿ. ಅದು ಹೆಚ್ಚು ಕೆಲಸ ಮಾಡುವುದು ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿ. ಅಗಲ ಲೆನ್ಸ್‌ಗೆ ಹಾಕಿದರೆ ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪಾಗಿ ಅಸಹ್ಯವಾಗುತ್ತದೆ, ಎಚ್ಚರ.

ಪ್ರಶ್ನೆ: ಒಂದೇ ದಿನದಲ್ಲಿ ಮೂರು ವ್ಯೂಪಾಯಿಂಟ್ ನೋಡಬಹುದಾ?

ಉತ್ತರ: ನೋಡಬಹುದು, ಫೋಟೋ ತೆಗೆಯಲಾಗುವುದಿಲ್ಲ. ಒಂದು ಜಾಗ ಸಾಕು. 1927ರ ಏಪ್ರಿಲ್ 10ರಂದು ಅಮೆರಿಕದ ಕಪ್ಪುಬಿಳುಪು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿನ ಯೊಸೆಮಿಟಿಯ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರು ನಿಂತಾಗ ಅವರ ಬಳಿ ಚಿತ್ರ ತೆಗೆಯಲು ಎರಡೇ ಗಾಜಿನ ಪ್ಲೇಟ್ (ಆಗಿನ ಫಿಲ್ಮ್) ಉಳಿದಿದ್ದವು. ಹಳದಿ ಫಿಲ್ಟರ್‌ನಲ್ಲಿ ಒಂದು ತೆಗೆದರು. ಆ ಬಂಡೆ ತಮ್ಮ ಮನಸ್ಸಿಗೆ ಕಂಡ ಹಾಗೆ ಅದರಲ್ಲಿ ಬರುವುದಿಲ್ಲ ಅನ್ನಿಸಿ, ಕೊನೆಯ ಪ್ಲೇಟ್‌ಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಅವರಿಗೆ ಹೆಸರು ತಂದ ಚಿತ್ರ ಅದು. ನಮ್ಮ ಕಾರ್ಡ್‌ನಲ್ಲಿ ಸಾವಿರ ಚಿತ್ರಕ್ಕೆ ಜಾಗ ಇದೆ, ಆದರೆ ಬೆಟ್ಟದ ಎದುರು ಸುಮ್ನೆ ನಿಂತು ಏನು ಬೇಕು ಎಂದು ಯೋಚಿಸುವ ಹೊತ್ತನ್ನು ನಾವೇ ಕೊಟ್ಟುಕೊಳ್ಳಬೇಕು.

ಪ್ರಶ್ನೆ: ಸೂರ್ಯ ಮುಳುಗಿದ ಕೂಡಲೇ ಇಳಿಯಬೇಕಾ?

ಉತ್ತರ: ದಾರಿ ಸುಲಭ ಇದ್ದು ದೀಪ ಇದ್ದರೆ ಇಪ್ಪತ್ತು ನಿಮಿಷ ನಿಲ್ಲಿ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗೆ ಇಳಿಯುವ ತನಕ ಆಕಾಶದಲ್ಲಿ ಸಾಕಷ್ಟು ಬೆಳಕು ಇರುತ್ತದೆ. ಸಮಭಾಜಕದ ಹತ್ತಿರ ಇದು ಬೇಗ ಮುಗಿಯುತ್ತದೆ, ಧ್ರುವಗಳ ಕಡೆಗೆ ಹೋದಷ್ಟೂ ಉದ್ದವಾಗುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಕೈ ತಾಗಿ ಅಲುಗಬಾರದು. ಹೊರಡುವ ಮುಂಚೆ ದೀಪ ಹಾಕಿ ಕಾಲ ಬಳಿ ಒಮ್ಮೆ ನೋಡಿಕೊಳ್ಳಿ. ಲೆನ್ಸ್ ಮುಚ್ಚಳ, ಫಿಲ್ಟರ್ ಎಲ್ಲವೂ ಕಪ್ಪು, ಹುಲ್ಲಲ್ಲಿ ಬಿದ್ದರೆ ಕಾಣುವುದಿಲ್ಲ. ಬೆಚ್ಚಗಿನ ಕೋಣೆಗೆ ಬಂದ ಮೇಲೆ ಚೀಲದ ಜಿಪ್ ಕೂಡಲೇ ತೆಗೆಯಬೇಡಿ. ತಣ್ಣಗಿನ ಗಾಜಿನ ಮೇಲೆ ತೇವ ಕೂರುತ್ತದೆ, ಒಂದೆರಡು ಗಂಟೆ ಹಾಗೇ ಬಿಡಿ.